ಚಳಿಯ ಶೆಡ್ಡು, ಕೆಂಡದ ಬಾಂಡ್ಲಿ

ತಳಕು, ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ಎಲ್ಲರಿಗೂ ನೆನಪಾಗುವುದು ಬಿಸಿಲು. ಆದರೆ ಡಿಸೆಂಬರ್, ಜನವರಿಯಲ್ಲಿ ಫಜ್ರ್ ನಮಾಝ್ ಮುಗಿಸಿ ಗ್ಯಾರೇಜಿಗೋ ಶೇಂಗಾ ಮಿಲ್ಲಿಗೋ ಹೋಗುವವರಿಗೆ ಇಲ್ಲಿನ ಬಯಲುಗಾಳಿಯ ಚಳಿ ಗೊತ್ತು. ಮೇಲೆ ತಗಡು, ಮೂರು ಕಡೆ ಗೋಡೆ, ಮುಂದೆ ಬಟ್ಟಬಯಲು. ಇಂಥ ಶೆಡ್ಡಿನಲ್ಲಿ ದುಡಿಯುವವರನ್ನು ಬೆಚ್ಚಗಿಡುವುದು ಯಾರ ಹೊಣೆ?

1948ರ ಕಾರ್ಖಾನೆಗಳ ಕಾಯ್ದೆಯ 13ನೇ ಕಲಮು ಎರಡು ಮಾತುಗಳನ್ನು ಒಟ್ಟಿಗೇ ಹೇಳಿತ್ತು: ಶುದ್ಧ ಗಾಳಿ ಆಡುತ್ತಿರಬೇಕು, ಕೆಲಸಗಾರರಿಗೆ ತಕ್ಕಮಟ್ಟಿಗೆ ಹಿತವಾದ, ಆರೋಗ್ಯ ಕೆಡಿಸದ ಉಷ್ಣತೆ ಇರಬೇಕು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಈ ಹೊಣೆಯನ್ನು ಮಾಲೀಕರ ಮೇಲೆಯೇ ಹಾಕಿದೆ. ಚಳಿಗೆ ಇಷ್ಟು ಡಿಗ್ರಿ ಎಂದು 13ನೇ ಕಲಮು ಅಂಕಿ ಕೊಟ್ಟಿರಲಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಒಳಾಂಗಣ ಕೆಲಸಕ್ಕೆ 16, ಮೈಬಗ್ಗಿಸಿ ಮಾಡುವ ಕೆಲಸಕ್ಕೆ 13 ಡಿಗ್ರಿ ಎನ್ನುತ್ತದೆ. ಬಾಗಿಲು ತೆರೆದೇ ಇರಬೇಕಾದ ಕಡೆ ಅಷ್ಟು ಸಾಧ್ಯವಾಗದಿದ್ದರೆ ಕೆಲಸದ ಜಾಗಕ್ಕಷ್ಟೇ ಶಾಖ, ಬೆಚ್ಚನೆಯ ಉಡುಪು, ಸುಧಾರಿಸಿಕೊಳ್ಳಲು ಬೆಚ್ಚನೆಯ ಕೋಣೆ ಕೊಡಬೇಕು ಎಂದೂ ಹೇಳುತ್ತದೆ. ಇದು ನಮ್ಮ ಶೆಡ್ಡುಗಳಿಗೂ ಒಪ್ಪುವ ಮಾತು.

ಇಬ್ಬರು ಮೂವರು ದುಡಿಯುವ ಅಂಗಡಿಗೆ ಕಾರ್ಖಾನೆಯ ಕಾನೂನು ತಾಗದು. ಚಳಿ ಮಾತ್ರ ತಲೆ ಎಣಿಸಿ ಬರುವುದಿಲ್ಲ.

ನಿಜವಾದ ಅಪಾಯ ಇರುವುದು ನಾವೇ ಮಾಡಿಕೊಳ್ಳುವ ಉಪಾಯದಲ್ಲಿ. ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಹಾಕಿ, ಗಾಳಿ ಬರದಂತೆ ಶಟರ್ ಎಳೆದು ಅಲ್ಲೇ ಮಲಗುವವರಿದ್ದಾರೆ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಂತಿ ಬರಬಹುದು; ನಿದ್ದೆಯಲ್ಲಿದ್ದವರು ಏಳದೆಯೇ ಹೋಗಬಹುದು. ಹೊಗೆ ಕಾಣದಿದ್ದರೆ ಭಯವಿಲ್ಲ ಎಂಬುದು ತಪ್ಪು. ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಲು ಬಿಡಬಾರದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಮಾಡುವುದೇನು? ತೆರೆದ ಶೆಡ್ಡಿನ ಗಾಳಿಯನ್ನೆಲ್ಲ ಕಾಯಿಸಲು ಹೊರಡುವುದು ದಂಡ. ಗಾಳಿ ಬೀಸುವ ಕಡೆ ಎದೆಯೆತ್ತರಕ್ಕೆ ತಾಡಪಾಲು ಕಟ್ಟಿ, ಮೇಲೆ ತೆರೆದಿಡಿ. ಕೂತು ಮಾಡುವ ಕೆಲಸವಾದರೆ ನೆಲಕ್ಕೆ ಹಲಗೆ ಅಥವಾ ಗೋಣಿ ಹಾಸಿ. ಒದ್ದೆ ನೆಲ, ಒದ್ದೆ ಬಟ್ಟೆ ಚಳಿಯನ್ನು ಹೆಚ್ಚಿಸುತ್ತವೆ. ಕೈ ತೊಳೆಯಲು ಬಿಸಿನೀರು, ನಡುವೆ ಒಂದು ಲೋಟ ಚಹಾ ಮಾಲೀಕರಿಗೆ ಭಾರವಲ್ಲ. ಕಂಬಳಿಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇದೆಯಲ್ಲ! ಆಸ್ತಮಾ ಇರುವವರಿಗೆ, ವಯಸ್ಸಾದವರಿಗೆ ಬಿಸಿಲೇರಿದ ಮೇಲಿನ ಪಾಳಿ ಕೊಡುವುದು ಒಳ್ಳೆಯದು.

ಕೆಂಡವಿದ್ದ ಕೋಣೆಯಲ್ಲಿ ಯಾರಾದರೂ ಮಂಕಾಗಿ ಬಿದ್ದಿದ್ದರೆ ಬಾಗಿಲು ತೆರೆದು, ತಡಮಾಡದೆ ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಕೋಣೆಯಲ್ಲಿ ಕೆಂಡವಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.