ತಾಯಿಯಿತ್ತ ರಕ್ಷಾಕವಚ

ಗರ್ಭಸ್ಥ ಶಿಶುವಿಗೆ ತಾಯಿಯು ಆಹಾರವನ್ನಷ್ಟೇ ಅಲ್ಲದೆ ರೋಗನಿರೋಧಕ ಶಕ್ತಿಯನ್ನೂ ನೀಡುತ್ತಾಳೆ. ಆಕೆಯ ರಕ್ತದಲ್ಲಿರುವ ಐಜಿಜಿ ಎಂಬ ಪ್ರತಿಕಾಯಗಳನ್ನು ಜರಾಯುವಿನ, ಎಂದರೆ ಮಾಸಿನ, ಜೀವಕೋಶಗಳು ಹಿಡಿದು ಶಿಶುವಿನ ರಕ್ತಕ್ಕೆ ಸಾಗಿಸುತ್ತವೆ. ಅವಳಿಗಳಿಗೆ ಮಾಸು ಒಂದೇ ಇರಲಿ, ಎರಡಿರಲಿ, ಮಾರ್ಗ ಇದೇ. ಈ ಸಾಗಣೆ ಸುಮಾರು 13ನೆಯ ವಾರದಲ್ಲಿ ಆರಂಭವಾದರೂ ಅದರ ಬಹುಪಾಲು ನಡೆಯುವುದು ಕೊನೆಯ ಮೂರು ತಿಂಗಳುಗಳಲ್ಲಿ. ಆದರೆ ಅವಳಿ ಮಕ್ಕಳು ಅನೇಕ ವೇಳೆ 37 ವಾರಗಳು ತುಂಬುವ ಮೊದಲೇ ಜನಿಸುತ್ತಾರೆ. ಆಗ ಇಬ್ಬರಿಗೂ ಸಲ್ಲಬೇಕಾದ ರಕ್ಷಣೆ ಪೂರ್ಣವಾಗಿ ಸಲ್ಲುವುದಿಲ್ಲ. ದೊರೆತ ಪ್ರತಿಕಾಯಗಳೂ ಕೆಲವು ತಿಂಗಳುಗಳಲ್ಲಿ ಕ್ಷೀಣಿಸುತ್ತವೆ. ಗರ್ಭಿಣಿಗೆ ಹಾಕುವ ಧನುರ್ವಾಯುವಿನ ಚುಚ್ಚುಮದ್ದು ತಾಯಿಯ ಮೂಲಕ ನವಜಾತ ಶಿಶುವನ್ನೂ ಕಾಪಾಡುತ್ತದೆ. ಅವಧಿಗೆ ಮುನ್ನ ಹುಟ್ಟಿದ ಅವಳಿಗಳಿಗಂತೂ ತಾಯಿಯ ಹಾಲು, ಶುಚಿತ್ವ, ಸಕಾಲದ ಲಸಿಕೆ ಇವು ಅತ್ಯಾವಶ್ಯಕ.