ಎಚ್ಚರಿಸಲು ಫೋನು, ಬರೆದಿಡಲು ಪುಸ್ತಕ

ಗುಬ್ಬಿಯ ತೆಂಗಿನ ತೋಟದವರಿರಲಿ, ಕುಣಿಗಲ್‌ನಿಂದ ದಿನಾ ಬೆಂಗಳೂರಿಗೆ ಬಸ್ ಹಿಡಿಯುವವರಿರಲಿ, ತುಮಕೂರಿನ ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳಿರಲಿ, ಈಗ ಎಲ್ಲರ ಕೈಯಲ್ಲೂ ಫೋನಿದೆ. ಹಾಗೆಂದು ಪುಸ್ತಕ, ಪೆನ್ನು ಬಿಡಬೇಡಿ. ಎರಡಕ್ಕೂ ಬೇರೆ ಬೇರೆ ಕೆಲಸ ಹಂಚಿ.

ಹೊತ್ತಿಗೆ ಸರಿಯಾಗಿ ಎಚ್ಚರಿಸುವ ಕೆಲಸ ಫೋನಿನದು. ಬೆಳೆಸಾಲದ ಕಂತು, ವಿಮೆಯ ಕಡೇ ದಿನ, ಪರೀಕ್ಷಾ ಶುಲ್ಕ ಇವನ್ನೆಲ್ಲ ಕ್ಯಾಲೆಂಡರಿಗೆ ಹಾಕಿ, ಮೂರು ದಿನ ಮೊದಲೇ ಸದ್ದು ಮಾಡುವಂತೆ ಇಡಿ. ಡ್ರೈವಿಂಗ್ ಲೈಸೆನ್ಸ್, ಅಂಕಪಟ್ಟಿ ಡಿಜಿಲಾಕರ್‌ನಲ್ಲಿರಲಿ. ಪಹಣಿಯಂತೂ ‘ಭೂಮಿ’ ಯೋಜನೆಯಲ್ಲಿ 2000ದ ಹೊತ್ತಿಗೇ ಕಂಪ್ಯೂಟರ್ ಸೇರತೊಡಗಿತ್ತು.

ಲೆಕ್ಕಕ್ಕೂ ಯೋಚನೆಗೂ ನೋಟ್‌ಬುಕ್ಕೇ ಸರಿ. ಪ್ರತಿ ಸಲ ಕಾಯಿ ಕೆಡವಿದಾಗಲೂ ಒಂದು ಪುಟ ಬರೆಯಿರಿ: ತಾರೀಖು, ಕಾಯಿ ಎಷ್ಟು, ಕೂಲಿ ಎಷ್ಟು, ಸಿಕ್ಕ ಬೆಲೆ ಎಷ್ಟು. ವರ್ಷದ ಕೊನೆಗೆ ಹಾಳೆ ತಿರುವಿದರೆ ಯಾವ ಕೊಯ್ಲು ಕೈ ಹಿಡಿಯಿತೆಂದು ತಿಳಿಯುತ್ತದೆ. ಫೋನ್ ಬಳಸದ ಮನೆಯ ಹಿರಿಯರೂ ಅದನ್ನು ಓದಬಲ್ಲರು. ಮಕ್ಕಳೇ, ಟಿಪ್ಪಣಿಯನ್ನು ನಿಮ್ಮದೇ ಮಾತಿನಲ್ಲಿ ಕೈಯಾರೆ ಬರೆಯಿರಿ. ಬೋರ್ಡಿನ ಫೋಟೊ ತೆಗೆದ ಮಾತ್ರಕ್ಕೆ ಪಾಠ ತಲೆಗೆ ಹತ್ತದು.

ನಮ್ಮ ಹಿರಿಯರು ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಸಲಕರಣೆ ಬದಲಾದರೂ ಬರೆದಿಡುವ ಅಭ್ಯಾಸ ಉಳಿಯಲಿ.

ಭಾನುವಾರ ಸಂಜೆ ಎರಡನ್ನೂ ಎದುರಿಗಿಟ್ಟುಕೊಂಡು ಹೊಂದಿಸಿ. ಮುಖ್ಯ ಪುಟಗಳ ಫೋಟೊ ತೆಗೆದಿಡಿ. ಬೇಕಾದವರ ಫೋನ್ ನಂಬರುಗಳನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ. ಎಟಿಎಂ ಪಿನ್ ಮಾತ್ರ ಎರಡರಲ್ಲೂ ಬೇಡ.