ಪುಲಕೇಶಿ ಗೆದ್ದನೆಂದು ಹೇಳಿದವರು ಯಾರು?

ಪ್ರಶ್ನೆ: ನಾನು ಹುನಗುಂದದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ನಮ್ಮ ಮಕ್ಕಳು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತರುತ್ತಾರೆ. ಆದರೆ ‘ಅದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರೆ ‘ಪುಸ್ತಕದಾಗ ಐತ್ರಿ’ ಎನ್ನುತ್ತಾರೆ, ಇಲ್ಲವೇ ‘ಮೊಬೈಲ್‌ನ್ಯಾಗ ನೋಡೀನ್ರಿ’ ಎನ್ನುತ್ತಾರೆ. ಹುಡುಕುವುದು, ಒರೆಗೆ ಹಚ್ಚುವುದು, ಆಧಾರ ಕೊಟ್ಟು ವಾದ ಮಾಡುವುದು, ಇವೆಲ್ಲ ಕಾಲೇಜಿನ ಮಾತೇ? ನಮ್ಮ ಗ್ರಂಥಾಲಯವೆಂದರೆ ಒಂದು ಕಪಾಟು. ಮುಂದೆ ಎಸ್‌ಎಸ್‌ಎಲ್‌ಸಿ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಕ್ಕೋರೇ, ಮಕ್ಕಳ ಉತ್ತರದಲ್ಲಿ ತಪ್ಪೇನಿಲ್ಲ, ಅದು ಅರ್ಧಕ್ಕೆ ನಿಂತಿದೆ ಅಷ್ಟೆ. ಪುಸ್ತಕದಲ್ಲಿದೆ, ಸರಿ. ಪುಸ್ತಕಕ್ಕೆ ಯಾರು ಹೇಳಿದರು? ಅವರಿಗೆ ಹಾಗೆ ಹೇಳಿ ಏನಾಗಬೇಕಿತ್ತು? ಈ ಎರಡು ಪ್ರಶ್ನೆಗಳ ಚಟ ಹತ್ತಿಸಿದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ. ಅದಕ್ಕೆ ಬೇಕಾದದ್ದು ಒಂದೇ ಸಂಗತಿಯ ಬಗ್ಗೆ ಬೇರೆ ಬೇರೆ ಮಾತಾಡುವ ಇಬ್ಬರು ಸಾಕ್ಷಿಗಳು. ಅಂಥವರು ನಿಮ್ಮ ಶಾಲೆಯಿಂದ ಒಂದು ಬಸ್ಸಿನ ದೂರದಲ್ಲೇ ಇದ್ದಾರೆ. ನಾನು ನಿಮ್ಮನ್ನು ಐಹೊಳೆಯ ಮೇಗುತಿ ಗುಡ್ಡ ಹತ್ತಿಸುತ್ತೇನೆ.

ಅಲ್ಲಿನ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ಬರೆದ 19 ಸಾಲಿನ ಸಂಸ್ಕೃತ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634–35ರದ್ದು. ಚಾಲುಕ್ಯರ ಅರಸ ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ಸೋಲಿಸಿದ, ಪಲ್ಲವರ ದೊರೆ ಕಂಚಿಯ ಕೋಟೆಯೊಳಗೆ ಅವಿತುಕೊಳ್ಳುವಂತೆ ಮಾಡಿದ ಎಂದು ಅದು ಹಾಡಿ ಹೊಗಳುತ್ತದೆ. ಮಕ್ಕಳನ್ನು ಗೋಡೆಯ ಮುಂದೆ ಕೂರಿಸಿ ಕೇಳಿ: ಬರೆದವನು ಯಾರು? ಅದೇ ಅರಸನ ಆಶ್ರಯದಲ್ಲಿದ್ದ ಕವಿ. ಜಿನಾಲಯ ಕಟ್ಟಿಸಿದವನೂ ಅವನೇ. ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ಹೇಳಿಕೊಳ್ಳಲು ಅವನಿಗೆ ಸಂಕೋಚವೇನೂ ಆಗಿಲ್ಲ! ಹಾಗಾದರೆ ಅವನು ಹೇಳಿದ್ದೆಲ್ಲ ಸುಳ್ಳೇ? ಇಲ್ಲಿ ತರಗತಿ ಎರಡು ಪಾಲಾಗುತ್ತದೆ. ಆಗಲಿ ಬಿಡಿ.

ಆಮೇಲೆ ಎರಡನೆಯ ಸಾಕ್ಷಿಯನ್ನು ಕರೆಯಿರಿ. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹರ್ಷನ ಮನ್ನಣೆ ಪಡೆದವನು. ಪುಲಕೇಶಿಯನ್ನು ಹೊಗಳಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ಅವನೂ ಸುಮಾರು ಅದೇ ಕಾಲದಲ್ಲಿ, ಹರ್ಷ ಎಲ್ಲ ದಿಕ್ಕಿನಲ್ಲಿ ಗೆದ್ದರೂ ಈ ನಾಡಿನವರು ಮಾತ್ರ ಅವನಿಗೆ ಮಣಿಯಲಿಲ್ಲ ಎಂಬರ್ಥದ ಮಾತು ಬರೆದಿಟ್ಟಿದ್ದಾನೆ. ಎದುರು ಪಾಳೆಯದ ಗೆಳೆಯನೇ ಒಪ್ಪಿಕೊಂಡ ಮಾತಿಗೆ ಬೇರೆಯೇ ತೂಕವಿದೆ ಎಂಬುದನ್ನು ಮಕ್ಕಳಿಗೆ ನೀವು ಬಾಯಿಬಿಟ್ಟು ಹೇಳಬೇಕಿಲ್ಲ. ಹಳ್ಳಿಯ ಜಗಳಗಳ ಪಂಚಾಯಿತಿ ನೋಡಿ ಬೆಳೆದ ಮಕ್ಕಳು ಅವರು.

ಪಲ್ಲವರ ವಿಷಯ ಇನ್ನೂ ಸೊಗಸಾಗಿದೆ. ಮೇಗುತಿಯ ಪ್ರಕಾರ ಪಲ್ಲವ ಕೋಟೆಯೊಳಗೆ ಅಡಗಿದ. ಪಲ್ಲವರ ಕೂರಂ ತಾಮ್ರಪಟದಲ್ಲಿ ಕಥೆ ತಲೆಕೆಳಗು: ನರಸಿಂಹವರ್ಮ ಮಣಿಮಂಗಲ ಮೊದಲಾದ ಕಡೆ ಪುಲಕೇಶಿಯನ್ನು ಸೋಲಿಸಿ, ಓಡುವವನ ಬೆನ್ನನ್ನೇ ಹಲಗೆ ಮಾಡಿಕೊಂಡು ಅದರ ಮೇಲೆ ವಿಜಯದ ಅಕ್ಷರ ಬರೆದನಂತೆ. ಆ ಪಟ ಹಾಕಿಸಿದವನು ನರಸಿಂಹವರ್ಮನ ಮೊಮ್ಮಗ. ಅಜ್ಜನ ಬಡಾಯಿ ಮೊಮ್ಮಗ ಕೊಚ್ಚುವುದು ಯಾವ ಊರಿನಲ್ಲಿಲ್ಲ? ಆದರೆ ಬಾದಾಮಿಗೆ ಹೋದರೆ ಅಲ್ಲಿನ ಬಂಡೆಯ ಮೇಲೆ ನರಸಿಂಹವರ್ಮನದೇ ಶಾಸನವಿದೆ, ಸವೆದಿದೆ, ಆದರೂ ಇದೆ. ಗೆಲ್ಲದೆ ಇದ್ದವನಿಗೆ ಚಾಲುಕ್ಯರ ರಾಜಧಾನಿಯ ನಡುವೆ ತನ್ನ ಹೆಸರು ಕೊರೆಸಲು ಬಿಡುತ್ತಿದ್ದರೇ? ಈಗ ಮಕ್ಕಳು ಕಾಲಗಣನೆಗೆ ಇಳಿಯಲೇಬೇಕು. ರವಿಕೀರ್ತಿ ಬರೆದದ್ದು 634ರಲ್ಲಿ, ವಾತಾಪಿ, ಅಂದರೆ ಇದೇ ಬಾದಾಮಿ, ಬಿದ್ದದ್ದು 642ರ ಸುಮಾರಿಗೆ. ಇಬ್ಬರ ಮಾತೂ ಅವರವರ ಕಾಲಕ್ಕೆ ನಿಜವಿರಬಹುದು, ಬೆನ್ನಿನ ಮೇಲಿನ ಬರಹ ಮಾತ್ರ ಕಾವ್ಯ. ಹೀಗೆ ಸಂಗತಿಯಿಂದ ಅಲಂಕಾರವನ್ನು ಬಿಡಿಸಿ ನೋಡುವ ಕೈಚಳಕ ಒಮ್ಮೆ ಬಂದರೆ ಅದು ಚುನಾವಣಾ ಭಾಷಣಕ್ಕೂ ಒದಗುತ್ತದೆ, ವಾಟ್ಸ್‌ಆ್ಯಪ್ ಸಂದೇಶಕ್ಕೂ ಒದಗುತ್ತದೆ.

ಇನ್ನು ವಾದ. ನಮ್ಮ ಚರ್ಚಾಸ್ಪರ್ಧೆಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ‘ಪರ’ ಒಬ್ಬರಿಗೆ, ‘ವಿರೋಧ’ ಒಬ್ಬರಿಗೆ ಹಂಚಿ, ಮೇಷ್ಟ್ರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಸಿ, ದನಿ ಏರಿಸಿದವರಿಗೆ ಕಪ್ ಕೊಡುವುದರಲ್ಲಿ ಯೋಚನೆಗೆ ಜಾಗವೆಲ್ಲಿ? ಇಂಗ್ಲೆಂಡಿನ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಬಿಚ್ಚಿ ನೋಡುವ ಒಂದು ದಾರಿ ತೋರಿಸಿದ. ಹೇಳಿಕೆ ಒಂದು, ಆಧಾರ ಒಂದು, ಆಧಾರದಿಂದ ಹೇಳಿಕೆಗೆ ದಾಟಿಸುವ, ಹೆಚ್ಚಾಗಿ ಯಾರೂ ಬಾಯಿಬಿಟ್ಟು ಹೇಳದ ನಿಯಮ ಒಂದು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸುತ್ತಾರಲ್ಲ, ಅಂಥದ್ದು ಈ ಮೂರನೆಯದು. ಸೆರಗು ಎಷ್ಟೇ ಚೆಂದವಿರಲಿ, ಕುಣಿಕೆ ಕಚ್ಚದಿದ್ದರೆ ಒಡಲಿಗೆ ಸೇರುವುದಿಲ್ಲ.

ಐಹೊಳೆಯ ಲಾಡ್‌ಖಾನ್ ಗುಡಿಯನ್ನೇ ತೆಗೆದುಕೊಳ್ಳಿ. ಹೆನ್ರಿ ಕಸೆನ್ಸ್‌ನಂಥ ಹಿಂದಿನ ವಿದ್ವಾಂಸರು ಅದನ್ನು ಐದನೇ ಶತಮಾನಕ್ಕೆ ಸೇರಿಸಿದ್ದರು. ಆಧಾರ: ಮರದ ಕಟ್ಟಡದ ರೀತಿಯಲ್ಲೇ ಕಲ್ಲು ಜೋಡಿಸಿದ ಚಾವಣಿ, ಊರ ಚಾವಡಿಯಂಥ ಸರಳ ರೂಪ. ಹೇಳದೆ ಉಳಿದ ಕುಣಿಕೆ: ಸರಳವಾದದ್ದೆಲ್ಲ ಹಳೆಯದು. ಯಾವ ಹುಡುಗನಾದರೂ ತನ್ನ ಓಣಿ ನೆನೆಸಿಕೊಂಡರೆ ಇದನ್ನು ಮುರಿಯಬಲ್ಲ. ಹೋದ ವರ್ಷ ಹಾಕಿದ ಪತ್ರಾಸಿನ ಮನೆ ಸರಳ, ನೂರು ವರ್ಷದ ಗೌಡರ ವಾಡೆಯಲ್ಲಿ ಕಂಬಕಂಬಕ್ಕೂ ಕೆತ್ತನೆ. ಮುಂದೆ ವಿದ್ವಾಂಸರು ಗೋಡೆಯ ಮೇಲಿನ ಬರಹ, ಶಿಲ್ಪದ ಶೈಲಿಗಳನ್ನು ಹೋಲಿಸಿ ಗುಡಿಯನ್ನು ಏಳು–ಎಂಟನೇ ಶತಮಾನಕ್ಕೆ ತಂದರು. ಹಳೆಯ ಕಾಲಮಾನ ಇಂದಿಗೂ ಎಷ್ಟೋ ಪ್ರವಾಸಿ ಪುಸ್ತಕಗಳಲ್ಲಿ ಹಾಗೇ ಉಳಿದಿದೆ. ಮೊಬೈಲಿನಲ್ಲಿ ಹುಡುಕಲು ಹೇಳಿ, ಎರಡೂ ಸಿಗುತ್ತವೆ. ಯಾವುದನ್ನು ಯಾಕೆ ನಂಬಬೇಕು ಎಂದು ಅರ್ಧ ಪುಟ ಬರೆಸಿ.

ಸ್ವಂತ ಸಂಶೋಧನೆಗೆ ಇಳಕಲ್ಲಿಗೆ ಹೋಗಿ. ‘ಈ ಓಣಿಯಲ್ಲಿ ಕೈಮಗ್ಗ ಯಾಕೆ ಕಡಿಮೆಯಾದವು?’ ಎಂಬ ಒಂದೇ ಪ್ರಶ್ನೆ ಸಾಕು. ‘ಇಳಕಲ್ ಸೀರೆ: ಒಂದು ಅಧ್ಯಯನ’ ಎಂದು ತಲೆಬರಹ ಕೊಟ್ಟರೆ ಅಂಟು, ಕತ್ತರಿ, ಬಣ್ಣದ ಚಿತ್ರ ಮಾತ್ರ ಬರುತ್ತವೆ, ಅದನ್ನೂ ಅಪ್ಪ ಅಂಟಿಸಿರುತ್ತಾನೆ. ಮೂವರು ನೇಕಾರರನ್ನು ಕೇಳಿ ‘ಪವರ್‌ಲೂಮ್ ಬಂತು’ ಎಂದು ಬರೆದುಕೊಂಡು ಬಂದರೆ ಹಿಂದಕ್ಕೆ ಕಳಿಸಿ. ನೂಲಿನ ವ್ಯಾಪಾರಿ ಏನೆನ್ನುತ್ತಾನೆ? ಮನೆಯಲ್ಲಿ ಕಂಡಿಕೆ ಸುತ್ತುವ ಅವ್ವ? ಮಗ್ಗ ಬಿಟ್ಟು ಗ್ರಾನೈಟ್ ಕೆಲಸಕ್ಕೆ ಹೋದ ಅವರ ಮಗ? ಕೂಲಿ, ಸಾಲ, ಮದುವೆಗೆ ಹೆಣ್ಣು ಸಿಗದ ಕಷ್ಟ, ಹೊಸ ಕಾರಣಗಳು ಹೊರಬರಬಹುದು. ನೋಟುಬುಕ್ಕಿನಲ್ಲಿ ಮೂರು ಕಾಲಂ ಎಳೆಸಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಊಹೆಯ ಕಾಲಂ ಖಾಲಿ ಬಿಟ್ಟ ಹುಡುಗಿಯನ್ನು ಹತ್ತಿರ ಕರೆದು ಮಾತಾಡಿಸಿ, ಊಹೆ ಬೇರೆ ಕಾಲಂನಲ್ಲಿ ಅಡಗಿ ಕೂತಿರುತ್ತದೆ.

ಬಾಗಲಕೋಟೆ ಸೀಮೆಯ ಮಕ್ಕಳಿಗೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗಿಂತ ಬಿಸಿಯಾದ ವಿಷಯವಿಲ್ಲ. ನೀರಿನ ಮಟ್ಟ ಈಗ 519.60 ಮೀಟರ್, ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಹಳೇ ಬಾಗಲಕೋಟೆಯ ಮನೆ ಮುಳುಗಿ ನವನಗರಕ್ಕೆ ಬಂದ ಮನೆತನದ ಹುಡುಗ, ಕಾಲುವೆ ನೀರಿಗೆ ಕಾದಿರುವ ಊರಿನ ನೆಂಟರ ಹುಡುಗಿ, ಹಿನ್ನೀರಿನಿಂದಲೇ ತಮ್ಮೂರಿಗೆ ಪ್ರವಾಹ ಎನ್ನುವ ಮಹಾರಾಷ್ಟ್ರದ ಸಾಂಗ್ಲಿಯ ವಿದ್ಯಾರ್ಥಿ: ಮೂವರ ವಾದವನ್ನೂ ಒಬ್ಬನೇ ಬರೆಯಲಿ. ಸಾಂಗ್ಲಿಯವನು ಓದಿದರೆ ‘ಹೌದು, ನಾನು ಹೇಳುವುದು ಇದನ್ನೇ’ ಎನ್ನುವಂತಿರಬೇಕು. ಆಮೇಲೆ ಕೇಳಿ: ಯಾವ ಅಂಕಿ ಸಿಕ್ಕರೆ ಜಗಳ ತೀರೀತು? 2019ರ ಆಗಸ್ಟಿನ ಪ್ರವಾಹದ ಹೊತ್ತಿನಲ್ಲಿ ಕೊಯ್ನಾ ಕಡೆಯ ಮಳೆ, ಹಿಪ್ಪರಗಿ ಬ್ಯಾರೇಜಿನ ಮಟ್ಟ, ಆಲಮಟ್ಟಿಯ ಒಳಹರಿವು, ಹೊರಹರಿವು, ದಿನದಿನದ್ದು. ಎಲ್ಲ ಸಿಗದಿದ್ದರೂ ಏನು ಬೇಕೆಂದು ತಿಳಿದದ್ದೇ ಅರ್ಧ ಸಂಶೋಧನೆ.

ಸಮಯದ ಮಾತು. ಎಂಟು, ಒಂಬತ್ತನೇ ತರಗತಿಯಲ್ಲಿ ಶುರು ಮಾಡಿ, ಹತ್ತನೆಯವರನ್ನು ಕಾಡಬೇಡಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಹೇಗೂ ಚಟುವಟಿಕೆ ಬೇಕಲ್ಲ, ಅದಕ್ಕೇ ಇದನ್ನು ಕೂಡಿಸಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಮ್ಮಲ್ಲಿ ನಡೆಸಿಕೊಂಡು ಬಂದ ಮಕ್ಕಳ ವಿಜ್ಞಾನ ಸಮಾವೇಶ, ದೇಶದಲ್ಲಿ 1993ರಿಂದ ಇರುವಂಥದ್ದು, ಊರಿನದೇ ಸಮಸ್ಯೆ ಹಿಡಿದು ಅಧ್ಯಯನ ಮಾಡಿದ 10ರಿಂದ 17ರ ಮಕ್ಕಳಿಗಾಗಿಯೇ ಇದೆ. ಮಗ್ಗದ ಕೆಲಸವನ್ನು ಅಲ್ಲಿಗೂ ಒಯ್ಯಬಹುದು. ಅಂಕ ಕೊಡುವಾಗ ಕೊನೆಯ ಒಂದು ಸಾಲಿಗೆ ಎರಡು ಅಂಕ ಇಡಿ: ‘ಇಂಥ ಸಾಕ್ಷ್ಯ ಸಿಕ್ಕರೆ ನನ್ನ ಮಾತು ಬದಲಿಸುತ್ತೇನೆ.’ ಮೊದಲ ಸಲ ಬಹಳ ಮಂದಿ ಖಾಲಿ ಬಿಡುತ್ತಾರೆ. ದೊಡ್ಡವರೂ ಬಿಡುತ್ತಾರೆ.

ಮೇಗುತಿಗೆ ಬಿಸಿಲೇರುವ ಮುಂಚೆ ಹತ್ತಿ, ಶಾಸನದ ಕನ್ನಡ ಅನುವಾದದ ಪ್ರತಿ ಜೊತೆಗಿರಲಿ. ಹದಿನೈದು ತುಂಬದ ಮಕ್ಕಳಿಗೆ ಪುರಾತತ್ತ್ವ ಇಲಾಖೆಯ ಟಿಕೆಟ್ ಇಲ್ಲ. ಐಹೊಳೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನ ಮಾತ್ರ ಬಸ್ಸು ಗೊತ್ತುಮಾಡಬೇಡಿ.